ಕಡತ ಸಾಗಿಸಿದರೆ ಸಾಲದು, ವಿಳಾಸವೂ ಉಳಿಯಬೇಕು

ಮೊಬೈಲ್‌ನಲ್ಲಿ ‘ಸಾಫ್ಟ್‌ವೇರ್ ಅಪ್‌ಡೇಟ್’ ಎಂದು ಬಂದರೆ ರಾತ್ರಿ ಚಾರ್ಜ್‌ಗೆ ಹಾಕಿ, ಒಪ್ಪಿಗೆ ಒತ್ತಿ ಮಲಗುತ್ತೇವೆ. ಬೆಳಗ್ಗೆ ಏಳುವಾಗ ಫೋಟೋ, ಮೆಸೇಜ್ ಎಲ್ಲವೂ ಇದ್ದಲ್ಲೇ ಇರುತ್ತವೆ. ಅಪ್‌ಡೇಟ್ ಎಂದರೆ ಇಷ್ಟೇ ಎಂದು ನಮಗೆ ಅಭ್ಯಾಸವಾಗಿದೆ. ಆದರೆ ಸಾವಿರಾರು ಪ್ರಬಂಧಗಳಿರುವ ಗ್ರಂಥಾಲಯದ ಡಿಜಿಟಲ್ ಭಂಡಾರವನ್ನು ಹಳೆಯ ಆವೃತ್ತಿಯಿಂದ ಹೊಸದಕ್ಕೆ ಸಾಗಿಸುವುದು ಒಂದು ರಾತ್ರಿಯ ಕೆಲಸವಲ್ಲ. ಒಂದು ಹೆಜ್ಜೆ ತಪ್ಪಿದರೆ ಯಾರದೋ ವರ್ಷಗಟ್ಟಲೆಯ ಸಂಶೋಧನೆ ಸರ್ವರ್‌ನಲ್ಲಿ ಇದ್ದೂ ಇಲ್ಲದಂತಾಗುತ್ತದೆ.

ಪ್ರಾಜೆಕ್ಟ್‌ಗಾಗಿ ಹುಡುಕಾಡುವಾಗ ನಮ್ಮಲ್ಲಿ ಅನೇಕರು ‘ಶೋಧಗಂಗಾ’ವನ್ನು ತೆರೆದಿರುತ್ತೇವೆ. ಯುಜಿಸಿಯ 2009ರ ನಿಯಮದ ಬಳಿಕ ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಗಳು ಸೇರುವ ಜಾಗವದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ಮಂಗಳೂರು ವಿಶ್ವವಿದ್ಯಾನಿಲಯದ ಪ್ರಬಂಧಗಳೂ ಅಲ್ಲಿವೆ. ಅದರ ಹಿಂದಿರುವ ತಂತ್ರಾಂಶದ ಹೆಸರು ಡಿಸ್ಪೇಸ್. ಅಮೆರಿಕದ ಎಂಐಟಿ ಗ್ರಂಥಾಲಯ ಮತ್ತು ಎಚ್‌ಪಿ ಕಂಪೆನಿ ಸೇರಿ 2002ರಲ್ಲಿ ಹೊರತಂದ ಈ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಮ್ಮ ಮಣಿಪಾಲದ ಮಾಹೆ ತನ್ನ ಭಂಡಾರಕ್ಕೆ ಬಳಸಿರುವ ಈಪ್ರಿಂಟ್ಸ್ ಕೂಡ ಇದೇ ಬಗೆಯ ಇನ್ನೊಂದು ಮುಕ್ತ ತಂತ್ರಾಂಶ.

ಚೆನ್ನಾಗಿ ನಡೆಯುತ್ತಿರುವುದನ್ನು ಬದಲಿಸುವುದೇಕೆ? ಡಿಸ್ಪೇಸ್‌ನ 7ನೇ ಆವೃತ್ತಿ 2021ರಲ್ಲಿ ಬಂತು. ಅದುವರೆಗೆ ಇದ್ದ ಎರಡು ಬಗೆಯ ಮುಖಪುಟಗಳನ್ನೂ ಕೈಬಿಟ್ಟು, ಆಂಗ್ಯುಲರ್‌ನಲ್ಲಿ ಪೂರ್ತಿ ಹೊಸದನ್ನು ಕಟ್ಟಿದರು. 2023ರಲ್ಲಿ 6ನೇ ಆವೃತ್ತಿಯ ಬೆಂಬಲ ನಿಂತಿತು. ಬೆಂಬಲ ನಿಂತ ಮೇಲೆ ಭದ್ರತೆಯ ದೋಷ ಕಂಡುಬಂದರೂ ಅಧಿಕೃತವಾಗಿ ತಿದ್ದಿಕೊಡುವವರಿಲ್ಲ. ಹಾಗಾಗಿ ಹಳೆಯ ಆವೃತ್ತಿಯಲ್ಲಿರುವ ಗ್ರಂಥಾಲಯಗಳಿಗೆ ಇದು ಶೋಕಿಯಲ್ಲ, ಅನಿವಾರ್ಯ.

ಈಗ ಒಳಗೇನಿದೆ ಎಂದು ನೋಡೋಣ. ನಾವು ಅಪ್‌ಲೋಡ್ ಮಾಡಿದ ಪಿಡಿಎಫ್ ‘ಅಸೆಟ್‌ಸ್ಟೋರ್’ ಎಂಬ ಫೋಲ್ಡರ್‌ಗೆ ಸೇರುತ್ತದೆ. ಆದರೆ ಅಲ್ಲಿ ಅದಕ್ಕೆ ನಾವಿಟ್ಟ ಹೆಸರಿರುವುದಿಲ್ಲ. ಉದ್ದದ ಅಂಕಿಗಳ ಸಾಲೊಂದೇ ಅದರ ಹೆಸರು. ಕೊನೆಯಲ್ಲಿ ಪಿಡಿಎಫ್ ಎಂಬ ಗುರುತೂ ಇಲ್ಲ. ಶೀರ್ಷಿಕೆ ಏನು, ಬರೆದವರು ಯಾರು, ಯಾವ ವರ್ಷ ಎಂಬುದೆಲ್ಲ ಬೇರೆಯೇ ಆದ ಡೇಟಾಬೇಸ್‌ನಲ್ಲಿರುತ್ತದೆ. ಕಡತಗಳನ್ನಷ್ಟೇ ನಕಲು ಮಾಡಿ ಡೇಟಾಬೇಸ್ ಬಿಟ್ಟರೆ, ಲೇಬಲ್ ಕಿತ್ತುಹೋದ ಸಾವಿರಾರು ಡಬ್ಬಿಗಳು ಕೈಗೆ ಸಿಕ್ಕಂತೆ.

ಮೂರನೆಯದು ‘ಸೋಲರ್’ ಎಂಬ ಹುಡುಕಾಟದ ಸೂಚಿ. ಅದು ಹಾಳಾದರೂ ಡೇಟಾಬೇಸ್‌ನಿಂದ ಮತ್ತೆ ಕಟ್ಟಬಹುದು. ಆದರೆ ಒಂದು ಪ್ರಬಂಧವನ್ನು ಎಷ್ಟು ಜನ ನೋಡಿದರು, ಎಷ್ಟು ಬಾರಿ ಡೌನ್‌ಲೋಡ್ ಆಯಿತು ಎಂಬ ಲೆಕ್ಕವೂ ಸೋಲರ್‌ನಲ್ಲೇ ಇರುತ್ತದೆ. ಡೇಟಾಬೇಸ್‌ನಲ್ಲಿ ಅದರ ಪ್ರತಿ ಇಲ್ಲ. ಸ್ಥಳಾಂತರಕ್ಕೆ ಮೊದಲು ಪ್ರತ್ಯೇಕವಾಗಿ ತೆಗೆದಿಡದಿದ್ದರೆ ವರ್ಷಗಳ ಲೆಕ್ಕ ಸೊನ್ನೆಗೆ ಬರುತ್ತದೆ.

ಇನ್ನು ವಿಳಾಸದ ವಿಚಾರ. ಸಿಮ್ ಕಂಪೆನಿ ಬದಲಿಸಿದರೂ ನಂಬರ್ ‘ಪೋರ್ಟ್’ ಮಾಡಿಸಿ ಅದನ್ನೇ ಉಳಿಸಿಕೊಳ್ಳುತ್ತೇವಲ್ಲ, ಡಿಜಿಟಲ್ ಭಂಡಾರಗಳಲ್ಲಿ ಆ ಕೆಲಸ ಮಾಡುವುದು ‘ಹ್ಯಾಂಡಲ್’ ಎಂಬ ಕಾಯಂ ಸಂಖ್ಯೆ. ಶೋಧಗಂಗಾದ ಪ್ರಬಂಧಗಳಿಗೆಲ್ಲ 10603 ಎಂಬ ಸಂಖ್ಯೆ ಮುಂದಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಬಂಧ ಭಂಡಾರದ ವೆಬ್ ವಿಳಾಸ ಹಿಂದೆ ಎರ್ನೆಟ್ ಹೆಸರಿನಲ್ಲಿತ್ತು, ಈಗ ಬದಲಾಗಿದೆ. ಆದರೂ ಪ್ರಬಂಧಗಳ ಮುಂದಿನ 2005 ಎಂಬ ಸಂಖ್ಯೆ ಹಾಗೆಯೇ ಇದೆ. ಹಳೆಯ ಲೇಖನದ ಅಡಿಟಿಪ್ಪಣಿಯಲ್ಲಿ ಆ ಸಂಖ್ಯೆ ಸಿಕ್ಕಿದರೆ ಇಂದಿಗೂ ಮೂಲವನ್ನು ಹುಡುಕಬಹುದು. ಸ್ಥಳಾಂತರದಲ್ಲಿ ಈ ಸಂಖ್ಯೆ ಕಳೆದುಹೋದರೆ, ಆ ಪ್ರಬಂಧವನ್ನು ಉಲ್ಲೇಖಿಸಿದ ಬೇರೆಲ್ಲ ಬರಹಗಳ ಕೊಂಡಿಯೂ ಕಡಿಯುತ್ತದೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಯುನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಕಣ್ಣಿಗೆ ಕನ್ನಡವಾದರೂ ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು. ಅದನ್ನು ಯುನಿಕೋಡ್‌ಗೆ ಪರಿವರ್ತಿಸದೆ ಹಾಗೆಯೇ ಸಾಗಿಸಿದರೆ ಹೊಸ ತಾಣದಲ್ಲಿ ‘ಯಕ್ಷಗಾನ’ ಎಂದು ಹುಡುಕಿದವರಿಗೆ ಏನೂ ಸಿಗದು. ತುಳು–ತಿಗಳಾರಿ ಲಿಪಿ ಯುನಿಕೋಡ್ ಸೇರಿದ್ದೇ 2024ರಲ್ಲಿ, 16ನೇ ಆವೃತ್ತಿಯಲ್ಲಿ. ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟಿನ ಕೆಲಸ 1979ರಲ್ಲಿ ಆರಂಭವಾಗಿ, ಆರು ಸಂಪುಟಗಳಾಗಿ 1997ರಲ್ಲಿ ಮುಗಿಯಿತು. ಅಂತಹ ಕೃತಿಗಳಿರುವ ಊರಿನವರಿಗೆ ಅಕ್ಷರ ಸರಿಯಾಗಿ ಉಳಿಯುವುದು ಸಣ್ಣ ಸಂಗತಿಯಲ್ಲ.

ಕಡತವಿದ್ದರೂ ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಉದಾಹರಣೆ. ಅಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ, ಒಂದೊಂದು ಒಂದೊಂದು ಸ್ಪೆಲ್ಲಿಂಗ್‌ನಲ್ಲಿದ್ದವು. ‘ಕಾರಂತ’ ಎಂಬ ಒಂದೇ ಹೆಸರನ್ನು ಎಷ್ಟು ಬಗೆಯಲ್ಲಿ ಬರೆಯಬಹುದು ಯೋಚಿಸಿ. ಕನ್ನಡದ ‘ಸಂಚಯ’ ತಂಡದ ಸ್ವಯಂಸೇವಕರು ಆ ಹೆಸರುಗಳನ್ನು ಕನ್ನಡಕ್ಕೆ ತಂದು ‘ಪುಸ್ತಕ ಸಂಚಯ’ದಲ್ಲಿ ಹುಡುಕುವಂತೆ ಮಾಡಿದರು. ಮುಂದೆ ಮೂಲ ತಾಣವೇ ಮುಚ್ಚಿತು. ಅಷ್ಟರಲ್ಲಿ ಲಕ್ಷಾಂತರ ಪುಸ್ತಕಗಳ ಪ್ರತಿ ಇಂಟರ್‌ನೆಟ್ ಆರ್ಕೈವ್ ಸೇರಿದ್ದರಿಂದ ಅವು ಇಂದಿಗೂ ಓದಲು ಸಿಗುತ್ತಿವೆ.

ಇದೆಲ್ಲ ಗ್ರಂಥಪಾಲಕರ ತಲೆನೋವು, ನಮಗೇನು ಎನ್ನಬೇಡಿ. ಸಂದರ್ಶನದಲ್ಲಿ ‘ಹೊಸದಾಗಿ ಏನು ಕಟ್ಟಿದ್ದೀಯ’ ಎಂಬ ಪ್ರಶ್ನೆಗೆ ನಾವು ತಯಾರಾಗುತ್ತೇವೆ. ಆದರೆ ಬ್ಯಾಂಕ್ ಇರಲಿ, ಆಸ್ಪತ್ರೆ ಇರಲಿ, ಸರಕಾರಿ ಕಚೇರಿ ಇರಲಿ, ಎಲ್ಲೆಡೆ ಹಳೆಯ ವ್ಯವಸ್ಥೆಯಲ್ಲಿ ಜನರ ಮಾಹಿತಿ ಇರುತ್ತದೆ. ಅದನ್ನು ಕೆಡಿಸದೆ ಹೊಸದಕ್ಕೆ ಸಾಗಿಸುವವರು ಬೇಕು. ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಮೊದಲು ಬ್ಯಾಕಪ್, ಅನಂತರ ನಕಲು ಪ್ರತಿಯ ಮೇಲೆ ಪ್ರಯೋಗ. ಸಾಗಿಸುವ ಹೊತ್ತಿನಲ್ಲಿ ಹೊಸ ಸೇರ್ಪಡೆ ನಿಲ್ಲಿಸಬೇಕು. ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಎಣಿಸಬೇಕು. ಪ್ರತಿ ಕಡತದ ‘ಚೆಕ್‌ಸಮ್’ ತಾಳೆ ನೋಡಬೇಕು. ಎಲ್ಲ ಸರಿ ಎಂದು ಖಾತ್ರಿಯಾಗುವವರೆಗೆ ಹಳೆಯ ಸರ್ವರ್ ಅಳಿಸಬಾರದು.

ಕಲಿಯಲು ದೊಡ್ಡ ಖರ್ಚಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕಿ, ಡಿಸ್ಪೇಸ್‌ನ ಹಳೆಯ ಆವೃತ್ತಿಯಲ್ಲಿ ಕನ್ನಡ ಶೀರ್ಷಿಕೆಯ ಹತ್ತು ವರದಿ ಸೇರಿಸಿ, ಹೊಸ ಆವೃತ್ತಿಗೆ ಒಯ್ದು ನೋಡಿ. ಜಾವಾ, ಪೋಸ್ಟ್‌ಗ್ರೆಸ್, ಸೋಲರ್, ಆಂಗ್ಯುಲರ್ ಎಲ್ಲದರ ಪರಿಚಯ ಒಟ್ಟಿಗೆ ಆಗುತ್ತದೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು ಒಮ್ಮೆ ತಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ. ಸೀನಿಯರ್‌ಗಳ ಪ್ರಾಜೆಕ್ಟ್ ವರದಿಗಳಿರುವ ಸಿಡಿಗಳು ಕಪಾಟಿನಲ್ಲಿ ಇನ್ನೂ ಇರಬಹುದು. ಅವನ್ನು ಓದಲು ಡ್ರೈವ್ ಇರುವ ಕಂಪ್ಯೂಟರ್ ಸಿಗುವಾಗಲೇ ಈ ಕೆಲಸ ಶುರು ಮಾಡುವುದು ಒಳ್ಳೆಯದು.