ಸೋಗೆ ಹಳದಿಯಾಯಿತೇ? ಅಕ್ಷರಗಳ ಜೋಡಿಯನ್ನು ಕೇಳಿ

ಅಡಿಕೆ ಸೋಗೆ ಹಳದಿಯಾದರೆ ಹರದನಹಳ್ಳಿಯ ಬೆಳೆಗಾರನಿಗಾಗಲಿ ಶೃಂಗೇರಿಯ ಬೆಳೆಗಾರನಿಗಾಗಲಿ ಎದೆ ಧಸಕ್ಕೆನ್ನುವುದು ಸಹಜ. ಬುಡದಲ್ಲಿ ನೀರು ನಿಂತರೂ ಹಳದಿ, ಪೋಷಕಾಂಶ ಕಡಿಮೆಯಾದರೂ ಹಳದಿ. ಇವಕ್ಕೆ ಬಸಿಗಾಲುವೆ, ಗೊಬ್ಬರ ಸಾಕು. ಆದರೆ ಶೃಂಗೇರಿ, ಕೊಪ್ಪ, ಸುಳ್ಯದ ತೋಟಗಳನ್ನು ಹಾಳುಗೆಡವಿದ ಹಳದಿ ಎಲೆ ರೋಗಕ್ಕೆ ಮದ್ದಿಲ್ಲ. ಹೊಸದಾಗಿ ಕಾಣಿಸಿಕೊಂಡ ಕಡೆ ಮರವನ್ನೇ ಕಡಿದು ತೆಗೆಯಬೇಕು. ಗರಿಗಳ ತುದಿ ಹಳದಿಯಾಗಿ ನಡುನಾಳ ಹಸುರಾಗಿಯೇ ಉಳಿಯುವುದು, ಕಾಯಿ ಉದುರುವುದು, ತಿರುಳು ಕಪ್ಪಾಗುವುದು ಇದರ ಲಕ್ಷಣ. ಆದರೂ ಫಲ ಕೊಡುವ ಮರಕ್ಕೆ ಕಣ್ಣಂದಾಜಿನ ಮೇಲೆ ಕೊಡಲಿ ಹಾಕಲು ಯಾರಿಗೆ ಮನಸ್ಸು ಬಂದೀತು?

ಈ ರೋಗದೊಡನೆ ಕಂಡುಬಂದಿರುವುದು ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿ. ಜಿಗಿಹುಳು ಇದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಇತರ ಬ್ಯಾಕ್ಟೀರಿಯಾದಂತೆ ಇದನ್ನು ಸುಲಭವಾಗಿ ಗಾಜಿನ ತಟ್ಟೆಯಲ್ಲಿ ಬೆಳೆಸಲಾಗದು. ಆದ್ದರಿಂದ ಅದರ ಡಿ.ಎನ್.ಎ.ಯನ್ನೇ ಹುಡುಕಬೇಕು.

ಡಿ.ಎನ್.ಎ. ಎಂದರೆ ತಿರುಚಿದ ಏಣಿ. ಮೆಟ್ಟಿಲುಗಳು ನಾಲ್ಕು ಪ್ರತ್ಯಾಮ್ಲಗಳಿಂದಾದುವು: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್, ಚಿಕ್ಕದಾಗಿ ಎ, ಟಿ, ಜಿ, ಸಿ. ಎ ಎಷ್ಟಿದೆಯೋ ಟಿ ಅಷ್ಟೇ, ಜಿ ಎಷ್ಟಿದೆಯೋ ಸಿ ಅಷ್ಟೇ ಎಂದು ಚಾರ್ಗಾಫ್ ಅಳೆದು ತೋರಿಸಿದ್ದರು. ಏಕೆಂದು ಹೇಳಿದವರು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್. ಎ, ಜಿ ದೊಡ್ಡವು. ಟಿ, ಸಿ ಚಿಕ್ಕವು. ದೊಡ್ಡದಕ್ಕೆ ಚಿಕ್ಕದು ಎದುರಾದರೆ ಮಾತ್ರ ಏಣಿಯ ಅಗಲ ಒಂದೇ ಸಮನಿರುತ್ತದೆ. ಎ-ಟಿ ನಡುವೆ ಎರಡು ಹೈಡ್ರೋಜನ್ ಬಂಧ, ಜಿ-ಸಿ ನಡುವೆ ಮೂರು. ಹೀಗಾಗಿ ಒಂದು ಬದಿಯಲ್ಲಿ ಎಎಜಿಸಿ ಎಂದಿದ್ದರೆ ಎದುರು ಬದಿಯಲ್ಲಿ ಟಿಟಿಸಿಜಿ ಇರಲೇಬೇಕು.

ಪರೀಕ್ಷೆಯ ಗುಟ್ಟು ಇಷ್ಟೇ. ಎಲೆಯಿಂದ ತೆಗೆದ ಡಿ.ಎನ್.ಎ.ಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಏಣಿ ಎರಡಾಗಿ ಸೀಳುತ್ತದೆ. ಫೈಟೋಪ್ಲಾಸ್ಮಾಕ್ಕೆ ಹೊಂದುವಂತೆ ಮೊದಲೇ ತಯಾರಿಸಿದ, ಸುಮಾರು 20 ಅಕ್ಷರಗಳ ತುಂಡುಗಳು ದ್ರಾವಣದಲ್ಲಿರುತ್ತವೆ. ತಣಿದಾಗ ಅವು ತಮ್ಮ ಜೋಡಿ ಸಿಕ್ಕಲ್ಲಿ ಕೂರುತ್ತವೆ, ಸಿಗದಿದ್ದರೆ ಇಲ್ಲ. ಕೂತಲ್ಲಿಂದ ಒಂದು ಕಿಣ್ವ ಎ ಎದುರು ಟಿ, ಜಿ ಎದುರು ಸಿ ಎಂದು ಜೋಡಿಸುತ್ತಾ ಹೋಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ ಲೆಕ್ಕದ ಪ್ರಕಾರ 107 ಕೋಟಿ! ನಮ್ಮ ಬಡ್ಡಿ ಲೆಕ್ಕವನ್ನೂ ಮೀರಿಸುವ ಲೆಕ್ಕ. (ಕಾಫಿಯವರೂ ಕೇಳಿ: ಎಸ್.795 ತಳಿಗೆ ಲೈಬೀರಿಕಾದಿಂದ ಬಂದ ತುಕ್ಕು ನಿರೋಧಕ ವಂಶವಾಹಿಯನ್ನು ಗುರುತಿಸುವುದೂ ಇದೇ ನಿಯಮದಿಂದ.)

ಚೀನಾದ ಹೈನಾನ್ ದ್ವೀಪದ ಅಡಿಕೆ ತೋಟಗಳಲ್ಲಿ ಹಳದಿ ರೋಗದೊಂದಿಗೆ ಒಂದು ವೈರಸ್ಸೂ ಸಿಕ್ಕಿದೆ. ಅದರದು ಆರ್.ಎನ್.ಎ.; ಅಲ್ಲಿ ಟಿ ಬದಲು ಯುರಾಸಿಲ್, ಅಂದರೆ ಯು. ಆದರೂ ಎ ಅದನ್ನೇ ಜೋಡಿ ಮಾಡಿಕೊಳ್ಳುತ್ತದೆ. ಆದ್ದರಿಂದ ಮೊದಲು ಆರ್.ಎನ್.ಎ.ಗೆ ಡಿ.ಎನ್.ಎ. ಪ್ರತಿ ತೆಗೆದು, ಮೇಲಿನಂತೆಯೇ ಪರೀಕ್ಷಿಸುತ್ತಾರೆ.

ಒಂದು ಎಚ್ಚರಿಕೆ. ಫೈಟೋಪ್ಲಾಸ್ಮಾ ಮರದಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ, ಇರುವುದೂ ಅತ್ಯಲ್ಪ. ಒಂದು ತುಂಡಿನಲ್ಲಿ 'ಇಲ್ಲ' ಎಂದು ಬಂದರೆ ಮರ ಗೆದ್ದಿತೆಂದು ತಿಳಿಯಬೇಡಿ. ಲಕ್ಷಣ ಮುಂದುವರಿದರೆ ಮತ್ತೆ ಮಾದರಿ ಕೊಡಿ. ಯಾವ ಭಾಗವನ್ನು, ಹೇಗೆ ಕಳಿಸಬೇಕೆಂದು ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರವನ್ನು ಮೊದಲೇ ವಿಚಾರಿಸಿ. ರೋಗವಿರುವ ಸೀಮೆಯಿಂದ ಸಸಿಯನ್ನಂತೂ ತರಬೇಡಿ.