ತೋಳಿನ ಮೇಲೊಂದು ಪಲ್ಸಾರ್

ಇಂಗ್ಲೆಂಡಿನ ರಾಕ್ ತಂಡ ‘ಜಾಯ್ ಡಿವಿಷನ್’ನ ಅಭಿಮಾನಿಗಳು ಅನೇಕರು ತೋಳಿನ ಮೇಲೆ ಒಂದು ಹಚ್ಚೆ ಹಾಕಿಸಿಕೊಳ್ಳುತ್ತಾರೆ: ಒಂದರ ಕೆಳಗೊಂದು ಅಂಕುಡೊಂಕು ಗೆರೆಗಳು. ತಂಡದ 1979ರ ಮೊದಲ ಆಲ್ಬಮ್ಮಿನ ಹೊದಿಕೆಯ ಚಿತ್ರವದು. ಬೆಟ್ಟಸಾಲಿನಂತೆ ಕಂಡರೂ ಅದೊಂದು ಗ್ರಾಫ್!

1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಗುರುತಿಸಿದ ಮೊದಲ ಪಲ್ಸಾರ್ ‘ಸಿಪಿ 1919’. ಪಲ್ಸಾರ್ ಎಂದರೆ ವೇಗವಾಗಿ ಆವರ್ತಿಸುವ ನ್ಯೂಟ್ರಾನ್ ನಕ್ಷತ್ರ. ಇದರ ರೇಡಿಯೋ ಕಿರಣಪುಂಜ ದೀಪಸ್ತಂಭದ ಬೆಳಕಿನಂತೆ ಸುತ್ತುತ್ತ, 1.337 ಸೆಕೆಂಡಿಗೊಮ್ಮೆ ಭೂಮಿಯತ್ತ ಹಾಯುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಹೆರಾಲ್ಡ್ ಕ್ರಾಫ್ಟ್ 1970ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಇಂಥ 80 ಅನುಕ್ರಮ ಸ್ಪಂದಗಳನ್ನು ಸಾಲಾಗಿ ಜೋಡಿಸಿದರು. ಅಡ್ಡಲಾಗಿ ಕಾಲ, ಲಂಬವಾಗಿ ತೀವ್ರತೆ.

ಗೆರೆಗಳನ್ನು ಗಮನಿಸಿ. ಒಂದು ಸ್ಪಂದದ ಆಕಾರ ಇನ್ನೊಂದಕ್ಕಿಲ್ಲ. ಆದರೂ ಶಿಖರಗಳೆಲ್ಲ ನಡುವಣ ಪಟ್ಟಿಯಲ್ಲೇ ಏಳುತ್ತವೆ. ನಕ್ಷತ್ರದ ಆವರ್ತನೆ ಕರಾರುವಾಕ್ಕು ಎಂಬುದಕ್ಕೆ ಇದೇ ಸಾಕ್ಷಿ. ಹಚ್ಚೆ ಹಾಕುವವರು ಅಂದಕ್ಕೆಂದು ಗೆರೆಗಳನ್ನೆಲ್ಲ ಒಂದೇ ತೆರನಾಗಿಸಿದರೆ ಅಲಂಕಾರ ಉಳಿಯುತ್ತದೆ, ಮಾಹಿತಿ ಅಳಿಯುತ್ತದೆ. ಶಾಯಿ ಒಳಚರ್ಮದಲ್ಲಿ ನೆಲೆಸುವುದರಿಂದ ಆ ತಪ್ಪೂ ಶಾಶ್ವತ.

ಹೊದಿಕೆಯ ಚಿತ್ರದಲ್ಲಿ ಅಕ್ಷಗಳಿಲ್ಲ. ವಿದ್ಯಾರ್ಥಿಗಳಿಂದ ಅವನ್ನು ಬರೆಯಿಸಿ. ಎಂಬತ್ತು ಗೆರೆಗಳಲ್ಲಿ ಎಷ್ಟು ಕಾಲ ಅಡಗಿದೆ ಎಂದೂ ಕೇಳಿ. 80ನ್ನು 1.337ರಿಂದ ಗುಣಿಸಿದರೆ ಸುಮಾರು 107 ಸೆಕೆಂಡು. ಅಭಿಮಾನಿಯ ತೋಳಿನ ಮೇಲಿರುವುದು ಒಂದು ನಕ್ಷತ್ರದ ಎರಡು ನಿಮಿಷಕ್ಕೂ ಕಡಿಮೆ ಅವಧಿಯ ದಾಖಲೆ.