ಆರೋಗ್ಯದ ಪ್ರಶ್ನೆಯೂ ತಾಯ್ನುಡಿಯೂ

ಔಷಧವನ್ನು ಕೊಡುವ ಮುನ್ನ ವೈದ್ಯರು ರೋಗಿಯನ್ನು ಪ್ರಶ್ನಿಸುವರು. ಒಂದು ನಾಡಿನ ಆರೋಗ್ಯವನ್ನು ಅರಿಯುವ ಕ್ರಮವೂ ಇದೇ. ಮೊದಲೇ ಬರೆದಿಟ್ಟು ಮನೆಮನೆಗೂ ಹೋಗಿ ಕೇಳುವ ಪ್ರಶ್ನೆಗಳ ಪಟ್ಟಿಗೆ ಪ್ರಶ್ನಾವಳಿಯೆಂದು ಹೆಸರು. 1992-93ರಲ್ಲಿ ನಮ್ಮ ದೇಶದಲ್ಲಿ ಮೊದಲ ಬಾರಿಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಇಂಥ ಪ್ರಶ್ನಾವಳಿಯನ್ನೇ ಅವಲಂಬಿಸಿತ್ತು. ಪ್ರಶ್ನೆ ತಪ್ಪಿದರೆ ಉತ್ತರವೂ ತಪ್ಪುವುದು. ಆಗ ನಿಜವಾದ ನೋವು ಲೆಕ್ಕಕ್ಕೆ ಬಾರದು.

ನಾಗಣಸೂರಿನಂಥ ಗಡಿಯೂರುಗಳಲ್ಲಿ ಅನೇಕರ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಮರಾಠಿಯಲ್ಲಿ 'ತಾಪ' ಎಂದರೆ ಜ್ವರ. ಕನ್ನಡದಲ್ಲಿ ಅದು ಬಿಸಿಲಿನ ಬೇಗೆಯೂ ಹೌದು, ಮನಸ್ಸಿನ ಬೇಗೆಯೂ ಹೌದು. ಮರಾಠಿಯನ್ನು ಅಷ್ಟಾಗಿ ಅರಿಯದ ತಾಯಿಯೊಬ್ಬಳು ಈ ಒಂದು ಪದದಿಂದಲೇ ದಾರಿ ತಪ್ಪಬಹುದು.

ಈ ತೊಡಕು ನಮ್ಮದು ಮಾತ್ರವಲ್ಲ. ಮೆಕ್ಸಿಕೊ ಮೊದಲಾದ ನಾಡುಗಳಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ಪ್ಯಾನಿಷ್ ಮಾತಿನ ಸ್ತ್ರೀಯರಲ್ಲಿ ಅನೇಕರು ಚಿಂತೆ, ನಡುಕ, ನಿದ್ರೆಗೇಡುಗಳನ್ನೆಲ್ಲ ಕೂಡಿಸಿ 'ನೆರ್ವಿಯೋಸ್' ಎನ್ನುವರು. ಮನೋರೋಗವುಂಟೇ ಎಂದು ಕೇಳಿದರೆ ಇಲ್ಲವೆನ್ನುವವಳು, ನೆರ್ವಿಯೋಸ್ ಉಂಟೇ ಎಂದರೆ ಮನಸ್ಸು ಬಿಚ್ಚಿ ಹೇಳಿಯಾಳು.

ಬಾಣಂತಿಯರ ಮನೋವ್ಯಥೆಯನ್ನು ಗುರುತಿಸಲು ಬ್ರಿಟನ್ನಿನ ಕಾಕ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1987ರಲ್ಲಿ 10 ಪ್ರಶ್ನೆಗಳ ಎಡಿನ್‌ಬರೋ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಬರುವ ಒಂದು ಇಂಗ್ಲಿಷ್ ನುಡಿಗಟ್ಟನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ 'ಸಂಗತಿಗಳು ನನ್ನ ಮೇಲೇರುತ್ತಿವೆ' ಎಂದಾಗುವುದು. ಇದರಿಂದ ಯಾರಿಗೇನು ತಿಳಿದೀತು? 'ಕೆಲಸ ನನ್ನಿಂದ ನೀಗುವುದಿಲ್ಲ' ಎಂದರೆ ನಮ್ಮ ಭಾಗದ ಅವ್ವಂದಿರಿಗೆ ಕೂಡಲೇ ತಿಳಿಯುವುದು.

ಹಾಗಾದರೆ ಒಳ್ಳೆಯ ಪ್ರಶ್ನಾವಳಿಯನ್ನು ರಚಿಸುವ ಬಗೆ ಹೇಗೆ? ಒಬ್ಬರು ಮಾಡಿದ ಅನುವಾದವನ್ನು, ಮೂಲವನ್ನು ನೋಡದ ಇನ್ನೊಬ್ಬರು ಮರಳಿ ಮೂಲಭಾಷೆಗೆ ತರಬೇಕು. ಎರಡನ್ನೂ ಹೋಲಿಸಿದರೆ ತಪ್ಪು ಹೊರಬೀಳುವುದು. ಬಳಿಕ ಊರಿನ ಕೆಲವು ಸ್ತ್ರೀಯರನ್ನು ಕೇಳಿ, 'ಈ ಪ್ರಶ್ನೆಯಿಂದ ನಿಮಗೇನು ತಿಳಿಯಿತು?' ಎಂದು ವಿಚಾರಿಸಬೇಕು. ಪ್ರಶ್ನೆಗಳು ಬಾಳಿಗೂ ಹೊಂದಬೇಕು. 'ಕಳೆದ ಹದಿನಾಲ್ಕು ದಿನಗಳಲ್ಲಿ' ಎನ್ನುವುದಕ್ಕಿಂತ 'ಈ ಎರಡು ಸಂತೆಗಳೊಳಗೆ' ಎಂದರೆ ನೆನಪು ಸುಲಭ. ಸೊಪ್ಪಿನ ವಿಷಯ ಕೇಳುವಾಗ ಪುಂಡಿಪಲ್ಲೆ, ಮೆಂತ್ಯಪಲ್ಲೆಗಳ ಹೆಸರನ್ನೇ ಹೇಳಬೇಕು. ಅತ್ತೆಮಾವಂದಿರ ಎದುರಿನಲ್ಲಿ ಸೊಸೆ ಹೇಳಲಾರದ ಸಂಗತಿಗಳಿರುವವು. ಆದುದರಿಂದ ಕೇಳುವವಳು ಸ್ತ್ರೀಯಾಗಿರಬೇಕು, ಏಕಾಂತವೂ ಬೇಕು.

ತಾಯಂದಿರ ಪರವಾಗಿ ಮಕ್ಕಳೇ ದುಭಾಷಿಗಳಾಗುವುದುಂಟು. ಇದು ಯೋಗ್ಯವಲ್ಲ. ಮಗನ ಮುಂದೆ ತಾಯಿ ತನ್ನ ಬೇನೆಯನ್ನು ಮುಚ್ಚಿಡುವಳು. ಮಗುವಿಗೆ ಹೊರಲಾಗದ ಭಾರವೂ ಬೀಳುವುದು. ಪಾಲಕರು ತಮ್ಮ ಮಾತನ್ನರಿತ ದಾದಿಯನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಕರೆಯಿಸಿರೆಂದು ಸಂಕೋಚವಿಲ್ಲದೆ ಕೇಳಬೇಕು.

ವಿದ್ಯಾರ್ಥಿಗಳೇ, ಕನ್ನಡ ಮರಾಠಿಗಳೆರಡನ್ನೂ ಚೆನ್ನಾಗಿ ಬಲ್ಲ ವೈದ್ಯರೂ ದಾದಿಯರೂ ಈ ಗಡಿನಾಡಿಗೆ ಬೇಕಾಗಿದ್ದಾರೆ. ಅವರು ನಿಮ್ಮೊಳಗಿನಿಂದಲೇ ಬರಬೇಕು.